ತಾನಾಗಿಯೇ ತಡೆಯುವ ಫೈರ್‌ವಾಲ್: ಮೊದಲು ಬಿಡಬೇಕಾದವರ ಪಟ್ಟಿ ಬರೆಯಿರಿ

ಹೊಸ ಸರ್ವರ್ ಒಂದನ್ನು ಇಂಟರ್ನೆಟ್ಟಿಗೆ ಜೋಡಿಸಿದ ಮೇಲೆ ಅದರ ಎಸ್‌ಎಸ್‌ಎಚ್ (ದೂರದಿಂದ ಸರ್ವರ್ ಒಳಗೆ ಹೋಗುವ ದಾರಿ) ಲಾಗನ್ನು, ಅಂದರೆ ಅಲ್ಲಿ ನಡೆದದ್ದರ ದಾಖಲೆಯನ್ನು, ತೆರೆದಿಟ್ಟು ಸ್ವಲ್ಪ ಹೊತ್ತು ನೋಡಿ. ನಾನು ನೋಡಿಕೊಳ್ಳುವ ಸರ್ವರ್ ಒಂದರಲ್ಲಿ ಸಾಲುಗಳು ಹೀಗೆ ಬಂದಿದ್ದವು: ಒಂದೇ ವಿಳಾಸದಿಂದ ಮೊದಲು 'ರೂಟ್', ಎರಡು ಸೆಕೆಂಡು ಬಿಟ್ಟು 'ಅಡ್ಮಿನ್', ಆಮೇಲೆ 'ಉಬುಂಟು', 'ಟೆಸ್ಟ್', 'ಒರಾಕಲ್', 'ಪೋಸ್ಟ್‌ಗ್ರೆಸ್'. ಆ ಕಡೆ ಮನುಷ್ಯರು ಯಾರೂ ಕುಳಿತಿರುವುದಿಲ್ಲ. ಹೆಸರುಗಳ ಪಟ್ಟಿಯೊಂದನ್ನು ಹಿಡಿದ ಪ್ರೋಗ್ರಾಂ ಕಂಡ ಕಂಡ ಬಾಗಿಲ ಚಿಲಕವನ್ನೆಲ್ಲ ಅಲುಗಾಡಿಸುತ್ತಾ ಹೋಗುತ್ತಿರುತ್ತದೆ, ಅಷ್ಟೆ. ಅದನ್ನು ತಡೆಯಲು ಕೂಡ ಮನುಷ್ಯರು ಕಾವಲು ಕೂರಬೇಕಿಲ್ಲ. ಲಾಗ್ ಓದಿ, ತಪ್ಪು ಎಣಿಸಿ, ಬರುವ ಸಂಪರ್ಕಗಳನ್ನು ಬಿಡುವ ಅಥವಾ ತಡೆಯುವ ಫೈರ್‌ವಾಲ್‌ಗೆ ನಿಯಮ ಸೇರಿಸುವ ಕೆಲಸವನ್ನು ಇನ್ನೊಂದು ಪ್ರೋಗ್ರಾಂಗೆ ಒಪ್ಪಿಸಬಹುದು.

ಆದರೆ ಆ ಪ್ರೋಗ್ರಾಂಗೆ ಯಾರು ನಮ್ಮವರು, ಯಾರು ಹೊರಗಿನವರು ಎಂಬುದು ಗೊತ್ತಿಲ್ಲ. ಕೆಲವು ವರ್ಷಗಳ ಹಿಂದೆ ಕಚೇರಿಯೊಂದರ ಮೇಲ್ ಸರ್ವರ್‌ಗೆ ನಾನೇ ಇಂಥ ತಡೆ ಹಾಕಿದೆ. ಐದು ತಪ್ಪಿಗೆ ಒಂದು ವಾರ ನಿರ್ಬಂಧ ಎಂದು ಬರೆದಿದ್ದೆ. ಅಲ್ಲಿದ್ದ ಸುಮಾರು ನಲವತ್ತು ಜನ ಹೊರಗೆ ಹೋಗುವುದು ಒಂದೇ ಐಪಿ ವಿಳಾಸದಿಂದ. ಒಬ್ಬರು ತಮ್ಮ ಮೇಲ್ ಪಾಸ್‌ವರ್ಡ್ ಬದಲಿಸಿದರು. ಮೇಜಿನ ಖಾನೆಯಲ್ಲಿದ್ದ ಅವರ ಹಳೆಯ ಫೋನ್ ಮಾತ್ರ ಹಳೆಯ ಪಾಸ್‌ವರ್ಡನ್ನೇ ಹಿಡಿದುಕೊಂಡು ಕೆಲವು ನಿಮಿಷಗಳಿಗೊಮ್ಮೆ ಬಾಗಿಲು ಬಡಿಯಿತು. ಹತ್ತು ನಿಮಿಷದೊಳಗೆ ಇಡೀ ಕಚೇರಿಗೆ ಮೇಲ್ ನಿಂತಿತು. ಅದು ಸಂಬಳದ ಪಟ್ಟಿ ಕಳುಹಿಸಬೇಕಾದ ದಿನ. ಅಂದಿನಿಂದ ನಾನು ಈ ಕೆಲಸದ ಕ್ರಮವನ್ನೇ ತಿರುಗಿಸಿದ್ದೇನೆ. ಯಾರನ್ನು ಎಂದಿಗೂ ತಡೆಯಬಾರದು, ತಡೆದವರನ್ನು ಯಾವಾಗ ಬಿಡಬೇಕು ಎಂಬುದನ್ನು ಮೊದಲು ಬರೆಯುತ್ತೇನೆ. ತಡೆಯುವ ನಿಯಮ ಆಮೇಲೆ. ಈ ಬರಹವೂ ಅದೇ ಕ್ರಮದಲ್ಲಿದೆ.

ಇಲ್ಲಿ ಹೇಳುವುದೆಲ್ಲ ಲಿನಕ್ಸ್ ಸರ್ವರ್‌ಗೆ, ಫೇಲ್2ಬ್ಯಾನ್ ಮತ್ತು ಎನ್‌ಎಫ್‌ಟೇಬಲ್ಸ್ ಜೋಡಿಗೆ. ಲಾಗ್ ಓದಿ ತಪ್ಪು ಎಣಿಸುವುದು ಫೇಲ್2ಬ್ಯಾನ್, ತಡೆಯುವ ಫೈರ್‌ವಾಲ್ ಎನ್‌ಎಫ್‌ಟೇಬಲ್ಸ್. ಕಮಾಂಡ್‌ಗಳನ್ನೂ ಸೆಟ್ಟಿಂಗ್‌ಗಳ ಹೆಸರುಗಳನ್ನೂ ಉಚ್ಚಾರದಂತೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಮಾಡಿ; 'ಡಿಫಾಲ್ಟ್', 'ಡಾಕರ್-ಯೂಸರ್', 'ಹೋಸ್ಟ್' ಇವನ್ನು ಮಾತ್ರ ದೊಡ್ಡ ಅಕ್ಷರಗಳಲ್ಲಿ. ಉದಾಹರಣೆಗೆ ಕೊಟ್ಟಿರುವ 203.0.113 ಎಂದು ಆರಂಭವಾಗುವ ವಿಳಾಸಗಳು ದಾಖಲೆಗಳಲ್ಲಿ ಬಳಸಲೆಂದೇ ಮೀಸಲಿಟ್ಟವು, ಯಾರಿಗೂ ಸೇರಿದವಲ್ಲ.

ನಿಮಗೆ ನೀವೇ ಬಾಗಿಲು ಹಾಕಿಕೊಳ್ಳದಿರಲು

ಫೈರ್‌ವಾಲ್ ಮುಟ್ಟುವ ಮೊದಲು ಎರಡು ಏರ್ಪಾಡು ಇರಲಿ. ಒಂದು, ಸರ್ವರ್ ಬಾಡಿಗೆಗೆ ಕೊಟ್ಟವರ ವೆಬ್ ಕನ್ಸೋಲ್. ಅದರ ಮೂಲಕ ಒಳಗೆ ಹೋಗಲು ನಿಮಗೆ ಸಾಧ್ಯವಾಗುತ್ತದೆಯೇ ಎಂದು ಇಂದೇ ಪರೀಕ್ಷಿಸಿ. ಸಿಕ್ಕಿಹಾಕಿಕೊಂಡ ರಾತ್ರಿ ಆ ಕನ್ಸೋಲಿನ ಪಾಸ್‌ವರ್ಡ್ ಹುಡುಕುವುದು ಬೇಡ. ಎರಡು, ಸಮಯ ಮುಗಿದರೆ ಹಳೆಯ ನಿಯಮಗಳಿಗೆ ತಾನಾಗಿ ಮರಳುವ ವ್ಯವಸ್ಥೆ. ಈಗಿರುವ ನಿಯಮಗಳನ್ನು 'ಎನ್‌ಎಫ್‌ಟಿ ಲಿಸ್ಟ್ ರೂಲ್‌ಸೆಟ್' ಕಮಾಂಡಿನಿಂದ ಒಂದು ಫೈಲಿಗೆ ಉಳಿಸಿ, ಆ ಫೈಲಿನ ತಲೆಯಲ್ಲಿ 'ಫ್ಲಶ್ ರೂಲ್‌ಸೆಟ್' ಎಂಬ ಸಾಲು ಸೇರಿಸಿ. ಆ ಸಾಲು ಇಲ್ಲದಿದ್ದರೆ ಹಳೆಯ ನಿಯಮಗಳು ಹೊಸವುಗಳ ಮೇಲೆಯೇ ಬಂದು ಕೂರುತ್ತವೆ, ಏನೂ ತೆರವಾಗುವುದಿಲ್ಲ. ಬಳಿಕ 'ಆ್ಯಟ್' ಕಮಾಂಡಿನಿಂದ, ಐದು ನಿಮಿಷ ಕಳೆದ ಮೇಲೆ ಆ ಫೈಲನ್ನು ಮತ್ತೆ ಏರಿಸುವ ಕೆಲಸವೊಂದನ್ನು ಗೊತ್ತುಮಾಡಿ. ಹೊಸ ನಿಯಮ ಹಾಕಿ, ಇನ್ನೊಂದು ಟರ್ಮಿನಲ್‌ನಿಂದ ಹೊಸದಾಗಿ ಲಾಗಿನ್ ಆಗಿ ನೋಡಿ. ಒಳಗೆ ಬಂದಿರಿ ಎಂದಾದರೆ ಆ ಕೆಲಸವನ್ನು ರದ್ದುಮಾಡಿ. ಬರಲಾಗದಿದ್ದರೆ ಐದು ನಿಮಿಷ ಸುಮ್ಮನಿರಿ. ಮೊದಲಿನ ಟರ್ಮಿನಲ್ ಇನ್ನೂ ಕೆಲಸ ಮಾಡುತ್ತಿದೆ ಎಂಬುದನ್ನು ಸಾಕ್ಷಿಯಾಗಿ ಹಿಡಿಯಬೇಡಿ. ಈಗಾಗಲೇ ನಡೆಯುತ್ತಿರುವ ಸಂಪರ್ಕವನ್ನು ಫೈರ್‌ವಾಲ್ ಹೆಚ್ಚಾಗಿ ಹಾಗೆಯೇ ಬಿಟ್ಟಿರುತ್ತದೆ.

ಇನ್ನೊಂದು ಮಾತು, ಇದು ಫೈರ್‌ವಾಲಿಗೂ ಮೊದಲಿನದು. ಎಸ್‌ಎಸ್‌ಎಚ್‌ನಲ್ಲಿ ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ, ಕೀಲಿ (ನಿಮ್ಮ ಕಂಪ್ಯೂಟರಿನಲ್ಲಿರುವ ರಹಸ್ಯ ಫೈಲ್) ಮಾತ್ರ ಇರಿಸಿ. ವಿಳಾಸ ತಡೆಯುವುದರಿಂದ ದುರ್ಬಲ ಪಾಸ್‌ವರ್ಡ್ ಗಟ್ಟಿಯಾಗುವುದಿಲ್ಲ. ಸಾವಿರ ವಿಳಾಸಗಳಿಂದ ತಲಾ ಎರಡೆರಡು ಸಲ ಪ್ರಯತ್ನಿಸುವವರನ್ನು ಯಾವ ಎಣಿಕೆಯೂ ಹಿಡಿಯುವುದಿಲ್ಲ.

ಬಿಡಬೇಕಾದವರು

ಫೇಲ್2ಬ್ಯಾನ್ ಇನ್‌ಸ್ಟಾಲ್ ಮಾಡಿದ ಮೇಲೆ 'ಜೈಲ್.ಕಾನ್ಫ್' ಎಂಬ ಫೈಲ್ ಕಾಣುತ್ತದೆ. ಅದನ್ನು ತಿದ್ದಬೇಡಿ, ಮುಂದಿನ ಅಪ್‌ಡೇಟ್‌ನಲ್ಲಿ ನಿಮ್ಮ ಬದಲಾವಣೆ ಅಳಿಸಿಹೋಗಬಹುದು. ಪಕ್ಕದಲ್ಲೇ 'ಜೈಲ್.ಲೋಕಲ್' ಎಂಬ ಹೊಸ ಫೈಲ್ ತೆರೆದು, ನಿಮಗೆ ಬೇಕಾದ ಸಾಲುಗಳನ್ನಷ್ಟೇ ಬರೆಯಿರಿ. ಇಲ್ಲದ್ದನ್ನು ಅದು ಮೂಲ ಫೈಲಿನಿಂದ ತೆಗೆದುಕೊಳ್ಳುತ್ತದೆ.

ನನ್ನ ಫೈಲಿನಲ್ಲಿ 'ಡಿಫಾಲ್ಟ್' ವಿಭಾಗದ ಮೊದಲ ಸಾಲು ಯಾವಾಗಲೂ 'ಇಗ್ನೋರ್‌ಐಪಿ'. ಅದರಲ್ಲಿ ಸರ್ವರಿನ ಒಳವಿಳಾಸ 127.0.0.1/8 ಇರುತ್ತದೆ. ಆಮೇಲೆ ನನ್ನ ವಿಪಿಎನ್‌ನ ಸ್ಥಿರ ವಿಳಾಸ, ಸರ್ವರ್ ಬದುಕಿದೆಯೇ ಎಂದು ನೋಡುವ ಮಾನಿಟರಿಂಗ್ ಯಂತ್ರ, ರಾತ್ರಿ ಬ್ಯಾಕಪ್ ಎಳೆದುಕೊಳ್ಳುವ ಯಂತ್ರ, ಮತ್ತು ಹೆಚ್ಚು ಜನ ಒಟ್ಟಿಗೆ ಕುಳಿತು ಕೆಲಸ ಮಾಡುವ ಕಚೇರಿಗಳ ವಿಳಾಸಗಳು. ಮನೆಯ ಬ್ರಾಡ್‌ಬ್ಯಾಂಡ್ ವಿಳಾಸ ದಿನಕ್ಕೊಮ್ಮೆ ಬದಲಾಗುವುದಾದರೆ ಅದನ್ನು ಬರೆದಿಟ್ಟು ಪ್ರಯೋಜನವಿಲ್ಲ. ನಾಳೆ ಅದೇ ವಿಳಾಸ ಬೇರೆ ಯಾರಿಗೋ ಹೋಗುತ್ತದೆ, ಆ ವಿನಾಯಿತಿಯೂ ಅವರಿಗೆ ಹೋಗುತ್ತದೆ. ಬ್ಯಾಕಪ್ ಯಂತ್ರವನ್ನು ಮರೆಯುವವರೇ ಹೆಚ್ಚು. ಅದರ ಕೀಲಿ ಬದಲಿಸಿದ ದಿನ ಅದು ಮೌನವಾಗಿ ನಿರ್ಬಂಧಕ್ಕೆ ಒಳಗಾಗುತ್ತದೆ, ಬ್ಯಾಕಪ್ ಬೇಕಾದ ದಿನ ಗೊತ್ತಾಗುತ್ತದೆ.

ಅವಧಿಯ ಲೆಕ್ಕ ಮೂರು ಸಾಲು. 'ಮ್ಯಾಕ್ಸ್‌ರೀಟ್ರೈ' ಎಷ್ಟು ತಪ್ಪು, 'ಫೈಂಡ್‌ಟೈಮ್' ಎಷ್ಟು ಹೊತ್ತಿನೊಳಗೆ, 'ಬ್ಯಾನ್‌ಟೈಮ್' ಎಷ್ಟು ಹೊತ್ತು ತಡೆ. ಮೂಲದಲ್ಲಿ ಇವು 5 ತಪ್ಪು, 10 ನಿಮಿಷ, 10 ನಿಮಿಷ. ನಾನು ಬ್ಯಾನ್‌ಟೈಮನ್ನು ಒಂದು ಗಂಟೆಗೆ ಏರಿಸುತ್ತೇನೆ, ಉಳಿದೆರಡನ್ನು ಮುಟ್ಟುವುದಿಲ್ಲ. ಶಾಶ್ವತ ನಿರ್ಬಂಧವನ್ನು ನಾನು ಎಲ್ಲಿಯೂ ಹಾಕುವುದಿಲ್ಲ. ದಾಳಿ ಮಾಡುವ ಯಂತ್ರಗಳಲ್ಲಿ ಬಹುಪಾಲು ಯಾರದೋ ಸೋಂಕು ತಗುಲಿದ ರೂಟರ್, ಕ್ಯಾಮೆರಾ, ಬಾಡಿಗೆಯ ಸರ್ವರ್. ಇಂದು ಅದು ಕಾಟ ಕೊಡುವ ವಿಳಾಸ, ಮುಂದಿನ ತಿಂಗಳು ಅದೇ ವಿಳಾಸ ನಿಮ್ಮ ಗ್ರಾಹಕರದ್ದಾಗಿರಬಹುದು. ಮೊಬೈಲ್ ಜಾಲಗಳಲ್ಲಂತೂ ಒಂದೇ ಹೊರವಿಳಾಸದ ಹಿಂದೆ ನೂರಾರು ಜನ ಇರುತ್ತಾರೆ. ಒಬ್ಬನ ತಪ್ಪಿಗೆ ಅವರೆಲ್ಲರೂ ಹೊರಗುಳಿಯುತ್ತಾರೆ.

ಪದೇ ಪದೇ ಬರುವವರಿಗೆ ಬೇರೆ ಉಪಾಯವಿದೆ. 'ಬ್ಯಾನ್‌ಟೈಮ್.ಇನ್‌ಕ್ರಿಮೆಂಟ್' ಅನ್ನು 'ಟ್ರೂ' ಮಾಡಿದರೆ ಅದೇ ವಿಳಾಸ ಮರಳಿ ಬಂದಂತೆಲ್ಲ ಅವಧಿ ದುಪ್ಪಟ್ಟಾಗುತ್ತಾ ಹೋಗುತ್ತದೆ. 'ಬ್ಯಾನ್‌ಟೈಮ್.ಮ್ಯಾಕ್ಸ್‌ಟೈಮ್' ಎಂದು ಮೇಲ್ಮಿತಿ ಹಾಕಿ. ನನ್ನದು ಒಂದು ವಾರ. ಇಲ್ಲಿ ಹಲವರು ಎಡವುವ ಜಾಗ ಒಂದಿದೆ. ಹಳೆಯ ನಿರ್ಬಂಧಗಳ ನೆನಪನ್ನು ಫೇಲ್2ಬ್ಯಾನ್ ಒಂದು ಸಣ್ಣ ಡೇಟಾಬೇಸಿನಲ್ಲಿ ಇಡುತ್ತದೆ, ಮೂಲ ಸೆಟ್ಟಿಂಗಿನಲ್ಲಿ ಒಂದು ದಿನಕ್ಕಿಂತ ಹಳೆಯದನ್ನು ಅಳಿಸುತ್ತದೆ. ನೆನಪೇ ಇಲ್ಲದಿದ್ದರೆ ದುಪ್ಪಟ್ಟು ಮಾಡುವುದು ಹೇಗೆ? 'ಫೇಲ್2ಬ್ಯಾನ್.ಲೋಕಲ್' ಫೈಲಿನಲ್ಲಿ 'ಡಿಬಿಪರ್ಜ್‌ಏಜ್' ಅನ್ನು ನಿಮ್ಮ ಮೇಲ್ಮಿತಿಗಿಂತ ಹೆಚ್ಚು ಮಾಡಿ; ನಾನು 14 ದಿನ ಇಡುತ್ತೇನೆ.

ಲಾಗ್ ಸಿಗುತ್ತಿದೆಯೇ?

ಒಂದು ಸೇವೆಯ ಲಾಗನ್ನು ಕಾಯುವ ನಿಯಮಗಳ ಗುಂಪನ್ನು ಫೇಲ್2ಬ್ಯಾನ್ 'ಜೈಲ್' ಎನ್ನುತ್ತದೆ. ಈಗ ಎಸ್‌ಎಸ್‌ಎಚ್ ಸೇವೆಯ 'ಎಸ್‌ಎಸ್‌ಎಚ್‌ಡಿ' ಜೈಲಿನಲ್ಲಿ 'ಎನೇಬಲ್ಡ್' ಎದುರು 'ಟ್ರೂ' ಎಂದು ಬರೆದು ಫೇಲ್2ಬ್ಯಾನ್ ಸೇವೆಯನ್ನು ರೀಸ್ಟಾರ್ಟ್ ಮಾಡಿ. ಡೆಬಿಯನ್ 12 ಎಂಬ ಲಿನಕ್ಸ್ ಆವೃತ್ತಿಯಲ್ಲಿ ಇದು ಇಲ್ಲಿಯೇ ನಿಂತುಹೋಗುವುದುಂಟು. ಆ ಆವೃತ್ತಿಯಲ್ಲಿ ಹಳೆಯ ರೀತಿಯ 'ಆಥ್.ಲಾಗ್' ಫೈಲ್ ತಾನಾಗಿ ಬರೆಯಲ್ಪಡುವುದಿಲ್ಲ, ಎಲ್ಲವೂ ಸಿಸ್ಟಮ್‌ಡಿ ಜರ್ನಲ್ ಎಂಬ ಒಟ್ಟು ದಾಖಲೆಗೆ ಹೋಗುತ್ತದೆ. ಇಲ್ಲದ ಫೈಲನ್ನು ಹುಡುಕಿ ಫೇಲ್2ಬ್ಯಾನ್ ಸೋಲುತ್ತದೆ. ಜೈಲಿನಲ್ಲಿ 'ಬ್ಯಾಕೆಂಡ್' ಎದುರು 'ಸಿಸ್ಟಮ್‌ಡಿ' ಎಂದು ಬರೆದು, 'ಪೈಥಾನ್3-ಸಿಸ್ಟಮ್‌ಡಿ' ಪ್ಯಾಕೇಜ್ ಇದೆಯೇ ನೋಡಿಕೊಂಡರೆ ಸರಿಹೋಗುತ್ತದೆ.

ಇದಕ್ಕಿಂತ ಅಪಾಯದ್ದು, ಸೇವೆ ಓಡುತ್ತಿದ್ದರೂ ಏನನ್ನೂ ಹಿಡಿಯದಿರುವುದು. 2024ರ ಜುಲೈನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.8ರಲ್ಲಿ ಲಾಗಿನ್ ನಡೆಸುವ ಭಾಗವನ್ನು 'ಎಸ್‌ಎಸ್‌ಎಚ್‌ಡಿ-ಸೆಷನ್' ಎಂಬ ಬೇರೆ ಪ್ರೋಗ್ರಾಂ ಆಗಿ ಒಡೆದರು. ಲಾಗ್ ಸಾಲುಗಳು ಆ ಹೆಸರಿನಲ್ಲಿ ಬರತೊಡಗಿದವು. ಬರಿಯ 'ಎಸ್‌ಎಸ್‌ಎಚ್‌ಡಿ'ಯನ್ನು ಹುಡುಕುವ ಹಳೆಯ ಫಿಲ್ಟರ್‌ಗೆ (ಯಾವ ಸಾಲು ತಪ್ಪಿನದು ಎಂದು ಗುರುತಿಸುವ ನಮೂನೆ) ಅವು ಕಾಣಲೇ ಇಲ್ಲ. ಸ್ಟೇಟಸ್ ಹಸಿರು, ಎಣಿಕೆ ಸೊನ್ನೆ. ಇಂಟರ್ನೆಟ್ಟಿಗೆ ತೆರೆದ, ಎಸ್‌ಎಸ್‌ಎಚ್‌ನ 22ನೇ ಪೋರ್ಟಿನಲ್ಲಿ ಒಂದು ದಿನವಿಡೀ ಸೊನ್ನೆ ಇದೆ ಎಂದರೆ ಸಂತೋಷಪಡಬೇಡಿ, ಅನುಮಾನಪಡಿ. ಸರ್ವರಿನ ಗಡಿಯಾರವನ್ನೂ ಒಮ್ಮೆ ನೋಡಿ. ಲಾಗಿನ ಸಮಯವಲಯ ಒಂದು, ವ್ಯವಸ್ಥೆಯದ್ದು ಇನ್ನೊಂದು ಆಗಿದ್ದರೆ ಸಾಲುಗಳು ಗಂಟೆಗಟ್ಟಲೆ ಹಳೆಯವೆಂದು ತಳ್ಳಿಹಾಕಲ್ಪಡಬಹುದು.

ಪರೀಕ್ಷೆಗೆ ಫೋನಿನ ಮೊಬೈಲ್ ಡೇಟಾ ಬಳಸಿ. ಸರ್ವರಿನಲ್ಲಿ ಇಲ್ಲದ ಬಳಕೆದಾರ ಹೆಸರೊಂದನ್ನು ಹಾಕಿ ಐದಾರು ಸಲ ಲಾಗಿನ್ ಪ್ರಯತ್ನಿಸಿ. ಇನ್ನೊಂದೆಡೆ ಫೇಲ್2ಬ್ಯಾನ್‌ನ ಸ್ವಂತ ಲಾಗ್ ತೆರೆದಿರಲಿ. 'ಫೌಂಡ್ 203.0.113.45' ಎಂಬ ಸಾಲು ಒಂದರ ಕೆಳಗೆ ಒಂದು ಇಳಿಯುತ್ತಾ ಬಂದು, ಐದನೆಯದರ ಬೆನ್ನಿಗೇ 'ಬ್ಯಾನ್ 203.0.113.45' ಎಂದು ಕಾಣಬೇಕು. ಫೋನಿನಲ್ಲಿ ಸಂಪರ್ಕ ನಿಲ್ಲಬೇಕು. ಎರಡನ್ನೂ ಕಣ್ಣಾರೆ ನೋಡಿ. 'ಬ್ಯಾನ್' ಎಂದು ಲಾಗಿನಲ್ಲಿ ಬರೆದೂ ಫೈರ್‌ವಾಲಿನಲ್ಲಿ ಏನೂ ಆಗದಿರುವುದನ್ನು ನಾನು ಕಂಡಿದ್ದೇನೆ. ನೋಡಿದ ಕೂಡಲೇ ಆ ವಿಳಾಸವನ್ನು ಬಿಡಿಸಿ. ಅದರ ಹಿಂದೆ ಬೇರೆಯವರೂ ಇದ್ದಾರೆ.

ಫೈರ್‌ವಾಲಿನ ಕಡೆ

'ಬ್ಯಾನ್‌ಆ್ಯಕ್ಷನ್' ಎದುರು 'ಎನ್‌ಎಫ್‌ಟೇಬಲ್ಸ್-ಮಲ್ಟಿಪೋರ್ಟ್', 'ಬ್ಯಾನ್‌ಆ್ಯಕ್ಷನ್_ಆಲ್‌ಪೋರ್ಟ್ಸ್' ಎದುರು 'ಎನ್‌ಎಫ್‌ಟೇಬಲ್ಸ್-ಆಲ್‌ಪೋರ್ಟ್ಸ್' ಎಂದು ಬರೆಯಿರಿ. ಎನ್‌ಎಫ್‌ಟೇಬಲ್ಸ್ 2014ರಿಂದ, ಅಂದರೆ ಲಿನಕ್ಸ್ 3.13ರಿಂದ ಕರ್ನಲ್‌ನಲ್ಲಿದೆ. ಅದರ ದೊಡ್ಡ ಅನುಕೂಲ 'ಸೆಟ್'. ಹಳೆಯ ಐಪಿಟೇಬಲ್ಸ್ ಕ್ರಮದಲ್ಲಿ ತಡೆದ ಪ್ರತಿ ವಿಳಾಸಕ್ಕೂ ಒಂದು ನಿಯಮ. ಹತ್ತು ಸಾವಿರ ವಿಳಾಸವೆಂದರೆ ಬರುವ ಪ್ಯಾಕೆಟ್ ಹತ್ತು ಸಾವಿರ ಸಾಲು ದಾಟಬೇಕಾಗಬಹುದು. ಸೆಟ್‌ನಲ್ಲಿ ನಿಯಮ ಒಂದೇ, ವಿಳಾಸಗಳು ಅದರೊಳಗಿನ ಪಟ್ಟಿಯಲ್ಲಿರುತ್ತವೆ, ಹುಡುಕಾಟ ಒಂದೇ ಏಟಿಗೆ ಮುಗಿಯುತ್ತದೆ. 'ಎನ್‌ಎಫ್‌ಟಿ ಲಿಸ್ಟ್ ರೂಲ್‌ಸೆಟ್' ಓಡಿಸಿದರೆ 'ಎಫ್2ಬಿ-ಟೇಬಲ್' ಎಂಬ ಟೇಬಲ್ಲೂ ಅದರೊಳಗೆ ನಿಮ್ಮ ಜೈಲಿನ ಹೆಸರಿನ ಸೆಟ್ಟೂ ಕಾಣಬೇಕು.

ನಿಮ್ಮದೇ ಎನ್‌ಎಫ್‌ಟೇಬಲ್ಸ್ ಫೈಲ್ 'ಫ್ಲಶ್ ರೂಲ್‌ಸೆಟ್' ಎಂದು ಆರಂಭವಾಗುತ್ತಿದ್ದರೆ ಎಚ್ಚರ. ಅದನ್ನು ಮರುಲೋಡ್ ಮಾಡಿದಾಗಲೆಲ್ಲ ಫೇಲ್2ಬ್ಯಾನ್‌ನ ಟೇಬಲ್ ಕೂಡ ಅಳಿಸಿಹೋಗುತ್ತದೆ. ಫೇಲ್2ಬ್ಯಾನ್‌ನ ಪಟ್ಟಿಯಲ್ಲಿ ಇನ್ನೂರು ಹೆಸರು, ಫೈರ್‌ವಾಲಿನಲ್ಲಿ ಒಂದೂ ಇಲ್ಲ. ಮರುಲೋಡ್ ಮಾಡಿದ ಮೇಲೆ ಫೇಲ್2ಬ್ಯಾನ್ ಸೇವೆಯನ್ನೂ ರೀಸ್ಟಾರ್ಟ್ ಮಾಡಿ. ಡೇಟಾಬೇಸಿನಿಂದ ನಿರ್ಬಂಧಗಳನ್ನು ಅದೇ ಮತ್ತೆ ಹಾಕುತ್ತದೆ.

ಡಾಕರ್ (ಪ್ರೋಗ್ರಾಂಗಳನ್ನು 'ಕಂಟೇನರ್' ಎಂಬ ಪ್ರತ್ಯೇಕ ಪೆಟ್ಟಿಗೆಗಳಲ್ಲಿ ಓಡಿಸುವ ಸಾಧನ) ಬಳಸುವವರಿಗೆ ಇನ್ನೊಂದು. ಕಂಟೇನರಿನ ಪೋರ್ಟನ್ನು ಹೊರಗೆ ತೆರೆದಾಗ ಆ ಪ್ಯಾಕೆಟ್‌ಗಳು 'ಇನ್‌ಪುಟ್' ಎಂಬ ನಿಯಮಗಳ ಸರಪಳಿಗೆ ಬರುವುದೇ ಇಲ್ಲ, 'ಫಾರ್ವರ್ಡ್' ದಾರಿಯಲ್ಲಿ ಹೋಗುತ್ತವೆ. ನೀವು ಇನ್‌ಪುಟ್‌ನಲ್ಲಿ ಎಷ್ಟೇ ತಡೆದರೂ ಅವಕ್ಕೆ ತಾಗುವುದಿಲ್ಲ. ಅಂಥ ಸೇವೆಗಳಿಗಾಗಿ ಐಪಿಟೇಬಲ್ಸ್ ಕ್ರಮವನ್ನೇ ಉಳಿಸಿಕೊಂಡು, ಸರಪಳಿಯ ಹೆಸರನ್ನು 'ಡಾಕರ್-ಯೂಸರ್' ಎಂದು ಬದಲಿಸಿ. ಬಳಕೆದಾರರ ನಿಯಮಗಳಿಗೆಂದೇ ಡಾಕರ್ ಬಿಟ್ಟಿರುವ ಜಾಗ ಅದು.

'ರಿಜೆಕ್ಟ್' ಬೇಕೋ 'ಡ್ರಾಪ್' ಬೇಕೋ ಎಂದು ಬಹಳ ಜನ ಕೇಳುತ್ತಾರೆ. ರಿಜೆಕ್ಟ್ ಎಂದರೆ 'ಇಲ್ಲ' ಎಂಬ ಉತ್ತರ ಕಳುಹಿಸುವುದು, ಡ್ರಾಪ್ ಎಂದರೆ ಉತ್ತರವನ್ನೇ ಕೊಡದಿರುವುದು. ಫೇಲ್2ಬ್ಯಾನ್ ತಾನಾಗಿ ಆಯ್ದುಕೊಳ್ಳುವುದು ರಿಜೆಕ್ಟ್. ನಾನೂ ಅದನ್ನೇ ಬಿಡುತ್ತೇನೆ, ಏಕೆಂದರೆ ತಪ್ಪಾಗಿ ಸಿಕ್ಕಿಕೊಂಡ ನಮ್ಮವರಿಗೆ ಕೂಡಲೇ ಸಮಸ್ಯೆ ತಿಳಿಯುತ್ತದೆ. ಡ್ರಾಪ್‌ನಲ್ಲಿ ಪರದೆ ಸುಮ್ಮನೆ ತಿರುಗುತ್ತಲೇ ಇರುತ್ತದೆ.

ವೆಬ್ ಸರ್ವರ್: ಇಲ್ಲಿ ಹೆಚ್ಚು ತಾಳ್ಮೆ ಬೇಕು

ಎಸ್‌ಎಸ್‌ಎಚ್ ಬಾಗಿಲಿಗೆ ಬರಬೇಕಾದವರು ಬೆರಳೆಣಿಕೆಯಷ್ಟು ಜನ. ವೆಬ್‌ಸೈಟಿಗೆ ಲೋಕವೆಲ್ಲ ಬರಬೇಕು. ಆದ್ದರಿಂದ ಅಲ್ಲಿ ತಪ್ಪಿನ ವ್ಯಾಖ್ಯೆಯೇ ಬೇರೆ.

ಮೊದಲು ಆಕ್ಸೆಸ್ ಲಾಗಿನಲ್ಲಿ ಕಾಣುವ ವಿಳಾಸ ನಿಜಕ್ಕೂ ಭೇಟಿಕೊಟ್ಟವರದ್ದೇ ಎಂದು ಖಚಿತಪಡಿಸಿಕೊಳ್ಳಿ. ಮುಂದೆ ಸಿಡಿಎನ್ ಅಥವಾ ರಿವರ್ಸ್ ಪ್ರಾಕ್ಸಿ (ಓದುಗರ ಕೋರಿಕೆಯನ್ನು ತಾನು ಪಡೆದು ನಿಮಗೆ ದಾಟಿಸುವ ನಡುವಿನ ಸರ್ವರ್) ಇದ್ದರೆ ಎಲ್ಲ ಸಾಲುಗಳಲ್ಲೂ ಅದರ ವಿಳಾಸವೇ ಇರುತ್ತದೆ. ಅದನ್ನು ತಡೆದರೆ ಎಲ್ಲರನ್ನೂ ತಡೆದಂತೆ. ಎಂಜಿನ್‌ಎಕ್ಸ್ ವೆಬ್ ಸರ್ವರ್‌ನಲ್ಲಿ 'ಸೆಟ್_ರಿಯಲ್_ಐಪಿ_ಫ್ರಮ್' ಎಂಬ ಸೆಟ್ಟಿಂಗಿಗೆ ನಿಮ್ಮ ಪ್ರಾಕ್ಸಿಯ ವಿಳಾಸಗಳನ್ನು ಮಾತ್ರ ಕೊಡಿ. ಯಾರು ಕಳುಹಿಸಿದರೂ, ಮೂಲ ವಿಳಾಸ ಹೇಳುವ 'ಎಕ್ಸ್-ಫಾರ್ವರ್ಡೆಡ್-ಫಾರ್' ಹೆಡರನ್ನು ನಂಬಿದರೆ, ದಾಳಿಕೋರ ಅದರಲ್ಲಿ ಯಾರದೋ ವಿಳಾಸ ಬರೆದು ನಿಮ್ಮ ಕೈಯಿಂದಲೇ ಅವರನ್ನು ಹೊರಹಾಕಿಸುತ್ತಾನೆ. ಸಿಡಿಎನ್ ಮುಂದಿದ್ದಾಗ ಇನ್ನೊಂದು ತೊಡಕು: ನಿಜವಾದ ವಿಳಾಸ ಲಾಗಿಗೆ ಬಂದರೂ ಪ್ಯಾಕೆಟ್ ಬರುವುದು ಸಿಡಿಎನ್‌ನಿಂದಲೇ. ನಿಮ್ಮ ಫೈರ್‌ವಾಲಿನ ತಡೆ ತಾಗುವುದಿಲ್ಲ. ಸಿಡಿಎನ್ ಕಡೆಯಲ್ಲೇ ತಡೆಯಬೇಕು.

'404 (ಕೇಳಿದ್ದು ಇಲ್ಲಿಲ್ಲ ಎಂಬ ಉತ್ತರ) ಹತ್ತು ಸಲ ಬಂದರೆ ತಡೆ' ಎಂಬ ನಿಯಮವನ್ನು ನಾನು ಒಮ್ಮೆ ಹಾಕಿ ತೆಗೆದೆ. ಲಾಗನ್ನು ಹತ್ತಿರದಿಂದ ನೋಡಿದಾಗ ಸಿಕ್ಕಿಬಿದ್ದವರಲ್ಲಿ ಅನೇಕರು ಐಫೋನ್ ಹಿಡಿದ ಸಾಮಾನ್ಯ ಓದುಗರಾಗಿದ್ದರು. ಆ ಫೋನ್ ಪುಟದ ಜೊತೆಗೆ 'ಆ್ಯಪಲ್-ಟಚ್-ಐಕಾನ್' ಎಂಬ ಚಿತ್ರವನ್ನು ತಾನಾಗಿ ಕೇಳುತ್ತದೆ. ನಮ್ಮ ಸೈಟಿನಲ್ಲಿ ಆ ಚಿತ್ರ ಇರಲಿಲ್ಲ. ಅದರ ಮೇಲೆ ಒಂದು ಲೇಖನದಲ್ಲಿ ಮೂರು ಚಿತ್ರಗಳ ಕೊಂಡಿ ಮುರಿದಿತ್ತು. ನಾಲ್ಕು ಪುಟ ಓದಿದವರು ಹೊರಗೆ. ತಪ್ಪು ನಮ್ಮದು, ಶಿಕ್ಷೆ ಓದುಗರಿಗೆ. ಈಗ ನಾನು ಸ್ಪಷ್ಟ ದುರುದ್ದೇಶ ಇರುವ ಮಾರ್ಗಗಳನ್ನಷ್ಟೇ ಎಣಿಸುತ್ತೇನೆ: ವರ್ಡ್‌ಪ್ರೆಸ್ ಇಲ್ಲದ ಸೈಟಿನಲ್ಲಿ 'ಡಬ್ಲ್ಯುಪಿ-ಲಾಗಿನ್', ಚುಕ್ಕೆಯಿಂದ ಆರಂಭವಾಗುವ 'ಎನ್ವ್' ಫೈಲ್, 'ಗಿಟ್' ಡೈರೆಕ್ಟರಿಯೊಳಗಿನ 'ಕಾನ್ಫಿಗ್'. ಇವನ್ನು ದಾರಿತಪ್ಪಿ ಕೇಳುವ ಓದುಗರಿಲ್ಲ. ಮೂರು ಸಲ ಕೇಳಿದರೆ ಒಂದು ಗಂಟೆ ತಡೆ.

ಸ್ವಂತ ಫಿಲ್ಟರ್ ಬರೆಯುವಾಗ ರೆಗ್ಯುಲರ್ ಎಕ್ಸ್‌ಪ್ರೆಷನ್ನನ್ನು (ಸಾಲುಗಳಿಗೆ ಹೊಂದಿಸಿ ನೋಡುವ ನಮೂನೆ) ಸಾಲಿನ ಆರಂಭಕ್ಕೆ ಬಿಗಿಯಾಗಿ ಕಟ್ಟಿ, ವಿಳಾಸದ ಜಾಗವನ್ನು 'ಹೋಸ್ಟ್' ಗುರುತಿನಿಂದ ಹಿಡಿಯಿರಿ. ಲಾಗ್ ಸಾಲಿನ ಅರ್ಧ ಭಾಗ ದಾಳಿಕೋರನೇ ಬರೆದದ್ದು ಎಂಬುದನ್ನು ಮರೆಯಬೇಡಿ. ಬ್ರೌಸರ್ ಹೆಸರಿನಲ್ಲಿ, ಬಳಕೆದಾರ ಹೆಸರಿನಲ್ಲಿ ಅವನು ಏನನ್ನು ಬೇಕಾದರೂ ತುಂಬಬಲ್ಲ. ಇನ್ನೊಬ್ಬರ ಐಪಿ ವಿಳಾಸವನ್ನೂ ತುಂಬಬಲ್ಲ. ಸಡಿಲ ಫಿಲ್ಟರ್ ಅದನ್ನೇ ಅಪರಾಧಿಯೆಂದು ಹಿಡಿಯುತ್ತದೆ. ಬರೆದ ಫಿಲ್ಟರನ್ನು 'ಫೇಲ್2ಬ್ಯಾನ್-ರೆಜೆಕ್ಸ್' ಕಮಾಂಡಿನಿಂದ ಒಂದು ವಾರದ ಹಳೆಯ ಲಾಗಿನ ಮೇಲೆ ಓಡಿಸಿ. ಎಷ್ಟು ಸಾಲು ಹೊಂದಿದವು, ಎಷ್ಟು ತಪ್ಪಿದವು ಎಂದು ಅದು ಹೇಳುತ್ತದೆ. ಹೊಂದಿದ ಸಾಲುಗಳನ್ನು ಒಂದೊಂದಾಗಿ ಓದಿ. ಬೇಸರದ ಕೆಲಸ, ಆದರೆ ಬಿಡಬಾರದ ಕೆಲಸ.

ಲಾಗ್ ಇಲ್ಲದೆಯೂ ತಡೆಯಬಹುದು

ವೇಗವೇ ಸಮಸ್ಯೆಯಾದಾಗ ಲಾಗ್ ಓದುವವರೆಗೆ ಕಾಯಬೇಕಿಲ್ಲ. ಎನ್‌ಎಫ್‌ಟೇಬಲ್ಸ್‌ನಲ್ಲಿ 'ಡೈನಾಮಿಕ್' ಮತ್ತು 'ಟೈಮ್‌ಔಟ್' ಗುರುತಿರುವ ಸೆಟ್‌ಗಳನ್ನು ಮಾಡಿ. 22ನೇ ಪೋರ್ಟಿಗೆ ಹೊಸ ಟಿಸಿಪಿ ಸಂಪರ್ಕ ಬಂದಾಗ, ಆ ವಿಳಾಸದಿಂದ ನಿಮಿಷಕ್ಕೆ ಹತ್ತಕ್ಕಿಂತ ಹೆಚ್ಚಾದರೆ ಅದನ್ನು ಒಂದು ಗಂಟೆಯ ಅವಧಿಗೆ ತಡೆಯುವ ಸೆಟ್‌ಗೆ ಸೇರಿಸು ಎಂಬ ನಿಯಮ ಒಂದು, ಆ ಸೆಟ್‌ನಲ್ಲಿರುವವರನ್ನು ಬಿಸಾಡು ಎಂಬ ನಿಯಮ ಅದಕ್ಕೂ ಮೇಲೆ ಇನ್ನೊಂದು. ಬಿಡಬೇಕಾದವರ ಪಟ್ಟಿ ಇವೆರಡಕ್ಕೂ ಮೇಲಿರಬೇಕು. ಫೇಲ್2ಬ್ಯಾನ್‌ನ ಇಗ್ನೋರ್‌ಐಪಿ ಇಲ್ಲಿಗೆ ಅನ್ವಯಿಸುವುದಿಲ್ಲ, ಇಲ್ಲಿಯೂ ಪ್ರತ್ಯೇಕವಾಗಿ ಬರೆಯಬೇಕು. ಸೆಟ್‌ಗೆ 'ಸೈಜ್' ಮಿತಿಯನ್ನೂ ಕೊಡಿ, 65535 ಸಾಕು. ಹಾಕುವ ಮೊದಲು 'ಎನ್‌ಎಫ್‌ಟಿ -ಸಿ -ಎಫ್' ಎಂದು ಫೈಲಿನ ಹೆಸರು ಕೊಟ್ಟರೆ ನಿಯಮ ಜಾರಿಯಾಗದೆ ಪರಿಶೀಲನೆಯಷ್ಟೇ ನಡೆಯುತ್ತದೆ.

ಈ ಉಪಾಯವನ್ನು ಯುಡಿಪಿಗೆ, ಅಂದರೆ ಮೊದಲು ಸಂಪರ್ಕ ಕಟ್ಟದೆಯೇ ಪ್ಯಾಕೆಟ್ ಕಳುಹಿಸುವ ವಿಧಾನಕ್ಕೆ, ಹಾಕಬೇಡಿ. ಟಿಸಿಪಿಯಲ್ಲಿ ಸಂಪರ್ಕ ಪೂರ್ಣವಾಗಬೇಕಾದರೆ ಎರಡೂ ಕಡೆಯಿಂದ ಉತ್ತರ ಹೋಗಿ ಬರಬೇಕು, ಆದ್ದರಿಂದ ಲಾಗಿನ್ ತಪ್ಪು ಮಾಡಿದ ವಿಳಾಸ ನಿಜವಾದದ್ದು. ಯುಡಿಪಿ ಪ್ಯಾಕೆಟ್ ಮೇಲೆ ಯಾರು ಬೇಕಾದರೂ ಯಾವ ವಿಳಾಸವನ್ನಾದರೂ ಬರೆದು ಕಳುಹಿಸಬಹುದು. ನಿಮ್ಮ ಡಿಎನ್‌ಎಸ್ ಸರ್ವರಿನ ವಿಳಾಸ ಬರೆದು ಕಳುಹಿಸಿದರೆ ನಿಮ್ಮ ಫೈರ್‌ವಾಲ್ ವಿಧೇಯವಾಗಿ ಅದನ್ನೇ ತಡೆದುಬಿಡುತ್ತದೆ. ಮೊದಲ ಟಿಸಿಪಿ ಪ್ಯಾಕೆಟ್ಟಿಗೂ ಈ ಅಪಾಯ ಇದೆ. ಮೇಲಿನ ನಿಯಮದಲ್ಲಿ ವಿನಾಯಿತಿ ಪಟ್ಟಿ ಎಲ್ಲಕ್ಕಿಂತ ಮೇಲಿರಲಿ ಎಂದದ್ದು ಅದಕ್ಕೂ ಸೇರಿಸಿಯೇ.

ಐಪಿವಿ6ರಲ್ಲಿ (ಉದ್ದನೆಯ ವಿಳಾಸಗಳ ಹೊಸ ಐಪಿ ಕ್ರಮ) ಒಂದೊಂದೇ ವಿಳಾಸ ತಡೆದರೆ ಫಲವಿಲ್ಲ. ಅಲ್ಲಿ ಒಂದು ಸಾಮಾನ್ಯ ಮನೆಗೇ /64 ಗಾತ್ರದ ತುಂಡು ಸಿಗುತ್ತದೆ, ಅಂದರೆ 2ರ ಘಾತ 64ರಷ್ಟು ವಿಳಾಸಗಳು. ದಾಳಿಕೋರ ಪ್ರತಿ ಪ್ರಯತ್ನಕ್ಕೂ ಹೊಸ ವಿಳಾಸ ತೊಡಬಹುದು. ಎನ್‌ಎಫ್‌ಟೇಬಲ್ಸ್‌ನ ಡೈನಾಮಿಕ್ ಸೆಟ್‌ನಲ್ಲಿ ಮೂಲ ವಿಳಾಸದ ಮೊದಲ 64 ಬಿಟ್‌ಗಳನ್ನಷ್ಟೇ ಉಳಿಸಿ ಎಣಿಸಿದರೆ ಇಡೀ ತುಂಡು ಒಟ್ಟಿಗೆ ಸಿಗುತ್ತದೆ.

ಯಾರಾದರೂ ಫೋನ್ ಮಾಡಿದಾಗ

'ಸೈಟ್ ತೆರೆಯುತ್ತಿಲ್ಲ' ಎಂದು ಕರೆ ಬಂದರೆ ಮೊದಲು ಅವರ ಹೊರವಿಳಾಸ ಕೇಳಿ ಬರೆದುಕೊಳ್ಳಿ. 'ಫೇಲ್2ಬ್ಯಾನ್-ಕ್ಲೈಂಟ್ ಸ್ಟೇಟಸ್' ನಂತರ ಜೈಲಿನ ಹೆಸರು ಕೊಟ್ಟರೆ ಆ ಜೈಲಿನಲ್ಲಿರುವವರ ಪಟ್ಟಿ ಬರುತ್ತದೆ. 'ಫೇಲ್2ಬ್ಯಾನ್-ಕ್ಲೈಂಟ್ ಅನ್‌ಬ್ಯಾನ್' ನಂತರ ವಿಳಾಸ ಕೊಟ್ಟರೆ ಎಲ್ಲ ಜೈಲುಗಳಿಂದ ಬಿಡುಗಡೆ. ಈ ಎರಡು ಸಾಲುಗಳನ್ನು, ನಾನಿಲ್ಲದಾಗ ಸರ್ವರ್ ನೋಡಿಕೊಳ್ಳುವವರಿಗೆ ಕಾಗದದ ಮೇಲೆ ಬರೆದುಕೊಟ್ಟಿದ್ದೇನೆ.

ಆದರೆ ಬಿಡಿಸುವ ಮೊದಲು ಆ ವಿಳಾಸವನ್ನು ಮೂಲ ಲಾಗಿನಲ್ಲಿ ಹುಡುಕಿ, ಯಾವ ಬಳಕೆದಾರ ಹೆಸರಿನಿಂದ ತಪ್ಪು ನಡೆಯುತ್ತಿದೆ ಎಂದು ನೋಡಿ. ಆ ಸಂಬಳದ ದಿನ ನಾನು ಕಚೇರಿಯನ್ನು ಮೂರು ಸಲ ಬಿಡಿಸಿದೆ, ಮೂರು ಸಲವೂ ಹತ್ತು ನಿಮಿಷದಲ್ಲಿ ಮತ್ತೆ ಸಿಕ್ಕಿಬಿತ್ತು. ನಾಲ್ಕನೆಯ ಸಲ ಲಾಗ್ ಓದಿದಾಗ ಎಲ್ಲ ಸಾಲುಗಳಲ್ಲೂ ಒಂದೇ ಹೆಸರಿತ್ತು. ಅವರಿಗೆ ಕರೆ ಮಾಡಿ, 'ನಿಮ್ಮ ಮೇಲ್ ಇರುವ ಇನ್ನೊಂದು ಫೋನ್ ಎಲ್ಲಿದೆ?' ಎಂದು ಕೇಳಿದೆ. ಖಾನೆ ಎಳೆದ ಸದ್ದು ಕೇಳಿಸಿತು.